ಅತ್ತಿಗೆಯ ದೀಕ್ಷಾಸ್ನಾನ

ದೀಕ್ಷಾಸ್ನಾನದ ನಿಲುವಂಗಿಯ ಕೆಳ ಅಂಚನ್ನು ಮಡಿಸಿ, ಮಡಿಕೆಯೊಳಗೆ ಸೀಸದ ಗುಂಡುಗಳನ್ನಿಟ್ಟು ಹೊಲಿಯಬೇಕು. ಇಲ್ಲದಿದ್ದರೆ ತೊಟ್ಟಿಗೆ ಇಳಿದವರ ಬಟ್ಟೆ ಗಾಳಿ ತುಂಬಿಕೊಂಡು ಮೇಲೇಳುತ್ತದೆ. ಆಳು ಮುಳುಗುವುದಿಲ್ಲ, ಮಾನ ಮುಳುಗುತ್ತದೆ. ನಮ್ಮ ಸಭೆಯ ನಿಲುವಂಗಿಗಳನ್ನೆಲ್ಲ ಹೊಲಿದವರು ಟೈಲರಮ್ಮ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗ ರಿಪೇರಿಯ ಅಂಗಡಿಗೆ ಅಂಟಿಕೊಂಡ ಒಂದೇ ಬಾಗಿಲಿನ ಕೋಣೆ ಅವರದು. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಅದಕ್ಕೇ ಆ ಮಾತು ಅಷ್ಟು ಚುಚ್ಚೋದು ಎಂದು ಬೀಗದವನು ನಗುತ್ತಿದ್ದ.

ಅವರಿಗೊಂದು ಹೆಣ್ಣುಮಗು ಹುಟ್ಟಿ, ಹಲ್ಲು ಮೂಡುವ ಮೊದಲೇ ಜ್ವರದಲ್ಲಿ ತೀರಿಕೊಂಡಿತ್ತು. ನಮ್ಮದು ಬ್ಯಾಪ್ಟಿಸ್ಟ್ ಸಭೆ. ಕೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಂದು, ತಾನೇ ನಂಬಿ, ತಾನೇ ಕೇಳಿದವರನ್ನು ಪೂರ್ತಿ ಮುಳುಗಿಸಿ ಎಬ್ಬಿಸುತ್ತೇವೆ. ಆ ನೀರು ಯಾರನ್ನೂ ರಕ್ಷಿಸುವುದಿಲ್ಲ, ರಕ್ಷಣೆ ಪಡೆದವರ ಗುರುತು ಅಷ್ಟೆ. ಟೈಲರಮ್ಮನ ಅಣ್ಣನ ಹೆಂಡತಿ ಬೆಳೆದದ್ದು ಕೂಸಿನ ತಲೆಗೆ ನೀರು ಚಿಮುಕಿಸುವ ಸಭೆಯಲ್ಲಿ. ಮಗುವನ್ನು ಮಣ್ಣು ಮಾಡುವಾಗ ಆಕೆ ಸುತ್ತ ನಿಂತವರಿಗೆಲ್ಲ ಕೇಳುವಂತೆ ಅಂದುಬಿಟ್ಟರು:

"ಒಂದು ಹನಿ ನೀರು ಹಾಕಿಸಿದ್ರೆ, ಮಗು ಎಲ್ಲಿಗೆ ಹೋಯ್ತು ಅಂತಾದ್ರೂ ಗೊತ್ತಿರ್ತಿತ್ತು."

ಅಂದಿನಿಂದ ಟೈಲರಮ್ಮ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ. ಆ ಮಗುವಿನ ಓರಗೆಯವರೆಲ್ಲ ಈಗ ತಾಯಂದಿರು. ಸಿಟ್ಟಿಗೆ ಮಾತ್ರ ವಯಸ್ಸಾಗಲಿಲ್ಲ.

ಅಣ್ಣ ಹೋದ ಮೇಲೆ ಅತ್ತಿಗೆ ನಮ್ಮ ಬೀದಿಯ ಮಗಳ ಮನೆ ಸೇರಿದರು. ಮಗಳ ಜೊತೆ ಆರಾಧನೆಗೆ ಬರತೊಡಗಿದರು; ಕಡೆಗೆ ದೀಕ್ಷಾಸ್ನಾನವನ್ನೂ ಕೇಳಿದರು. ಟೈಲರಮ್ಮ ತಕರಾರಿಲ್ಲದೆ ಅಳತೆ ತೆಗೆದು ನಿಲುವಂಗಿ ಹೊಲಿದಿಟ್ಟರು. ನಮ್ಮಲ್ಲಿ ಪಾಸ್ಟರ್ ಒಬ್ಬರೇ ಒಪ್ಪಿದರೆ ಸಾಲದು. ಕೇಳಿ ಬಂದವರು ಸಭೆಯ ಮುಂದೆ ತಮ್ಮ ನಂಬಿಕೆಯ ಸಾಕ್ಷಿ ಹೇಳಬೇಕು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಟೈಲರಮ್ಮ ಕಾದಿದ್ದು ಆ ದಿನಕ್ಕೆ.

ಕೂಸಾಗಿದ್ದಾಗ ತನ್ನ ತಲೆಗೆ ಬಿದ್ದ ನೀರು ಅಪ್ಪ ಅಮ್ಮನ ನಂಬಿಕೆಯೇ ಹೊರತು ತನ್ನದಲ್ಲ ಎಂದು ಅತ್ತಿಗೆ ಸಾಕ್ಷಿ ಹೇಳಿದರು. ಟೈಲರಮ್ಮ ಎದ್ದು ನಿಂತರು.

"ಹಾಗಾದ್ರೆ ಕೂಸಿಗೆ ನೀರು ಬೇಕಿಲ್ಲ ಅಂತಾಯ್ತು. ನನ್ನ ಮಗು ಬಗ್ಗೆ ಅವತ್ತು ಏನಂದ್ರಿ, ಅತ್ತಿಗೆ?"

ಅತ್ತಿಗೆ ಕಾಲ ಬೆರಳು ನೋಡಿಕೊಂಡರು. "ಏನಂದ್ನೋ. ನೆನಪಿಲ್ಲ ಪುಟ್ಟಿ."

ಪಾಸ್ಟರ್ ಅವಸರದಲ್ಲಿ ಒಪ್ಪಿಗೆ ಕೇಳಿದರು. ಎಲ್ಲರ ಕೈಗಳೂ ಮೇಲೆದ್ದವು. ಟೈಲರಮ್ಮ ಕುಳಿತುಬಿಟ್ಟರು; ಅವರ ಕೈ ಮಾತ್ರ ಮಡಿಲಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಅವರು ನಿಲುವಂಗಿಯ ಅಂಚು ಬಿಚ್ಚಿ, ಸೀಸವನ್ನೆಲ್ಲ ಡಬ್ಬಿಗೆ ಸುರಿದು, ಹೊಲಿಗೆ ಬಿಚ್ಚಿದ ಗುರುತೇ ಉಳಿಯದಂತೆ ಮತ್ತೆ ಹೊಲಿದರು.

ಭಾನುವಾರ ಅತ್ತಿಗೆ ತೊಟ್ಟಿಗೆ ಇಳಿಯುತ್ತಿದ್ದಂತೆ ನಿಲುವಂಗಿ ಕೊಡೆಯಂತೆ ಅರಳಿತು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಎದ್ದಿತು. ಪಾಸ್ಟರ್ ಹಿಂದಕ್ಕೆ ಒರಗಿಸಿದರೆ ಮೊಣಕಾಲು ತೇಲಿತು, ಬಟ್ಟೆ ಮುಖದವರೆಗೆ ಉಬ್ಬಿ ಬಂತು. ಹಾಡುವ ಹುಡುಗಿಯರು ಪುಸ್ತಕ ಅಡ್ಡ ಹಿಡಿದು ನಕ್ಕರು. ಪೂರ್ತಿ ಮುಳುಗದ್ದರಿಂದ ಇನ್ನೊಮ್ಮೆ ಮುಳುಗಿಸಬೇಕಾಯಿತು; ಅತ್ತಿಗೆ ನೀರು ಕುಡಿದು ಕೆಮ್ಮುತ್ತ ಎದ್ದರು. ಮೊದಲ ಸಾಲಿನಲ್ಲಿದ್ದ ಟೈಲರಮ್ಮನ ಮುಖದಲ್ಲಿ ನಗುವಿರಲಿಲ್ಲ. ಬಲಪಾದ ಮಾತ್ರ ಹೊಲಿಗೆ ಯಂತ್ರ ತುಳಿಯುವ ಹಾಗೆ ಆಡುತ್ತಿತ್ತು.

ಆಮೇಲೆ ಕರ್ತನ ಭೋಜನ. ನಮಗೆ ರೊಟ್ಟಿ ರೊಟ್ಟಿಯೇ, ದ್ರಾಕ್ಷಾರಸ ದ್ರಾಕ್ಷಾರಸವೇ. ಶಿಲುಬೆಯ ಮೇಲಿನ ಆತನ ಮರಣವನ್ನು ನೆನೆದು ತಿನ್ನುತ್ತೇವೆ, ಕುಡಿಯುತ್ತೇವೆ. ರೊಟ್ಟಿ ತುಂಡುಗಳ ತಟ್ಟೆ ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಸಾಗುತ್ತದೆ. ಆದರೆ ಮೊದಲು ಪ್ರತಿಯೊಬ್ಬರೂ ತಮ್ಮನ್ನು ಪರೀಕ್ಷಿಸಿಕೊಳ್ಳಬೇಕು; ಹಗೆ ಇಟ್ಟುಕೊಂಡವರು ಮುಟ್ಟಬಾರದು.

ಬಟ್ಟೆ ಬದಲಿಸಿ ಬಂದ ಅತ್ತಿಗೆಯನ್ನು ಮಗಳು ಟೈಲರಮ್ಮನ ಪಕ್ಕದಲ್ಲೇ ಕೂರಿಸಿದಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಟ್ಟೆ ಅತ್ತಿಗೆಯ ಕೈಗೆ ಬಂತು.

"ನೆನಪಿತ್ತು ಪುಟ್ಟಿ," ಅತ್ತಿಗೆ ಪಿಸುಗುಟ್ಟಿದರು. "ಎಲ್ಲರೆದುರು ಬಾಯಿ ಬರಲಿಲ್ಲ."

"ಅವತ್ತು ಅಂದಿದ್ದು ಎಲ್ಲರೆದುರೇ ಅಲ್ವಾ?"

ಅತ್ತಿಗೆ ತಟ್ಟೆ ಹಿಡಿದುಕೊಂಡೇ ಎದ್ದು, ಸಭೆಯ ಕಡೆ ತಿರುಗಿದರು.

"ಇವಳ ಮಗು ದೇವರ ಹತ್ರ ಇದೆ. ಅವತ್ತು ನಾನಂದಿದ್ದು ನನ್ನ ಕೊಬ್ಬು."

"ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ," ಎಂದರು ಟೈಲರಮ್ಮ, ತಲೆ ಎತ್ತದೆ.

ಅತ್ತಿಗೆ ದನಿ ಏರಿಸಿ ಮತ್ತೆ ಹೇಳಿದರು. ಕಿವಿ ಮಂದವಾದ ಅಜ್ಜನೊಬ್ಬ ಏನಂತೆ ಎಂದು ಪಕ್ಕದವರನ್ನು ವಿಚಾರಿಸಿದ. ಮೂರನೆಯ ಸಲ ಅತ್ತಿಗೆಯ ದನಿ ಒಡೆಯಿತು. ಪಾಸ್ಟರ್ ಕೆಮ್ಮಿದರು. ಅತ್ತಿಗೆ ಕುಳಿತು, ಒಂದು ತುಂಡು ತೆಗೆದುಕೊಂಡು, ತಟ್ಟೆಯನ್ನು ನಾದಿನಿಯತ್ತ ಚಾಚಿದರು.

ಟೈಲರಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಏನನ್ನೂ ಮುಟ್ಟದೆ ಪಕ್ಕದವರಿಗೆ ದಾಟಿಸಿದರು. ಅರ್ಧ ಆಯುಷ್ಯ ಕಾದಿದ್ದ ಮಾತು ಸಿಕ್ಕಿತ್ತು. ನಾಲ್ಕನೆಯ ಸಲವೂ ಕೇಳಬೇಕೆಂಬ ಆಸೆ ಇನ್ನೂ ನಾಲಿಗೆಯ ಮೇಲಿತ್ತು. ಅದನ್ನಿಟ್ಟುಕೊಂಡು ಆ ರೊಟ್ಟಿ ತಿನ್ನುವ ಧೈರ್ಯ ಅವರಿಗಿರಲಿಲ್ಲ.