ಕಲ್ಲಿನ ಕೊರಳುಗಳು: ಇಂಡಿಯಿಂದ ಮುದ್ದೇಬಿಹಾಳಕ್ಕೆ

ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿತ್ತು. ಶನಿವಾರ ಬೆಳಿಗ್ಗೆ ಏಳಕ್ಕೆ ಇಂಡಿಯಲ್ಲಿ ಸಿಂದಗಿಯ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಚಿತ್ರದ ಪುಸ್ತಕ, ಪೆನ್ಸಿಲ್ಲುಗಳು, ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ಇದ್ದವು. ಕಂಡಕ್ಟರು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು ಮುಂದೆ ಹೋದರು. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಚಳಿಗಾಳಿಗೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂತೆ.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಅಪ್ಪ ಚರ್ಮದ ಕೆಲಸ ಮಾಡುತ್ತಿದ್ದರು. ಎತ್ತುಗಳಿಗೆ ಗೆಜ್ಜೆ ಕೂಡಿಸಿದ ಕೊರಳಪಟ್ಟಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ತೀರಿಕೊಳ್ಳುವ ಮುಂಚಿನ ವರ್ಷ ಒಂದು ದಿನ ಅವರು, "ಕಲ್ಲಿನ ಬಸವಣ್ಣನ ಕೊಳ್ಳಾಗೂ ಪಟ್ಟಿ ಐತಿ ನೋಡವ್ವಾ. ಕಲ್ಲು ಕೆತ್ತಿದವ್ರು ಯಾರಂತ ಕೇಳ್ತಾರ, ಪಟ್ಟಿ ಹೊಲದವ್ರನ್ನ ಯಾರೂ ಕೇಳಂಗಿಲ್ಲ" ಎಂದಿದ್ದರು. ಅವರು ಹೋದ ಮೇಲೆ ನಾನು ಹಳೆಯ ಕಲ್ಲುಗಳಲ್ಲಿರುವ ಕೊರಳುಗಳನ್ನಷ್ಟೇ ಬರೆದುಕೊಳ್ಳತೊಡಗಿದೆ. ಮನುಷ್ಯರು, ದನ, ಕುದುರೆ, ಆನೆ, ನಾಯಿ, ಯಾವುದಾದರೂ ಸರಿ. ಕೊರಳಿಗೆ ಏನು ಕಟ್ಟಿದ್ದಾರೆ ಎಂದು ನೋಡುವುದು.

ಸಿಂದಗಿಯಲ್ಲಿ ಇಳಿದಾಗ ಒಂಬತ್ತು ಗಂಟೆ. ಚಹ ಕುಡಿದು ಆಲಮೇಲದ ದಾರಿಯಲ್ಲಿ ಟಂಟಂ ಆಟೋ ಹತ್ತಿ, ಮೂರು ಕಿಲೋಮೀಟರಿನಲ್ಲಿ ಒಂದು ಬಾವಿಯ ಹತ್ತಿರ ಇಳಿದೆ. ಅಲ್ಲಿ ಬೇವಿನ ಕೆಳಗೆ ಒಂದು ವೀರಗಲ್ಲಿದೆ. ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ಏಳು ಹಸುಗಳಿಗೂ ಕೊರಳಲ್ಲಿ ಪಟ್ಟಿ ಇದೆ, ಒಂದಕ್ಕೆ ಮಾತ್ರ ಗಂಟೆ ಇದೆ. ಬರೆಯುತ್ತ ಕೂತಿದ್ದಾಗ ಕುರಿಯ ಹಿಂಡೊಂದು ಬಂತು. ಕಾಯುವವರು ಮಾಳಪ್ಪ ಎಂಬ ಅರವತ್ತರ ಹಿರಿಯರು. ಅವರ ನಾಯಿಯ ಕೊರಳಿಗೆ ಹೊರಮುಖವಾಗಿ ಮೊಳೆ ಎದ್ದ ದಪ್ಪ ಪಟ್ಟಿಯಿತ್ತು.

"ತ್ವಾಳ ಮದ್ಲ ಕೊಳ್ಳಿಗೇ ಬಾಯಿ ಹಾಕ್ತೈತ್ರಿ ಅಕ್ಕಾರ," ಎಂದರು. "ಇದಿದ್ರ ನಾಯಿ ಉಳೀತೈತಿ."

ನನ್ನ ಪುಸ್ತಕವನ್ನು ತಿರುವಿ ನೋಡಿ ಅವರು ಮತ್ತೊಂದು ಮಾತು ಹೇಳಿದರು. ಮಗಳನ್ನು ಮುದ್ದೇಬಿಹಾಳದ ಕಡೆಯ ಹಳ್ಳಿಗೆ ಕೊಟ್ಟಿದ್ದಾರೆ. ಆ ಊರಿನ ಒಂದು ಕಲ್ಲಿನಲ್ಲೂ ಇಂಥದೇ ಪಟ್ಟಿಯ ನಾಯಿ ಇದೆ, ಅದರ ಕೆಳಗೆ ಸಾಲು ಮಂದಿ ಇದ್ದಾರೆ. "ಆ ಮನ್ಯಾಗ ಮದಿವಿ ಐತಂತ, ಕಲ್ಲಿಗೆ ನಾಳಿಗೆ ಬಂಗಾರದ ಬಣ್ಣ ಹೊಡಸ್ತಾರಂತ. ನೋಡೂದಿದ್ರ ಲಗೂನ ಹೋಗ್ರಿ."

ಮಧ್ಯಾಹ್ನದ ಬಸ್ಸಿಗೆ ಹೊರಟೆ. ದೇವರ ಹಿಪ್ಪರಗಿಯವರೆಗೂ ಎರಡೂ ಕಡೆ ತೊಗರಿ ಕೊಯ್ದ ಹೊಲಗಳು, ಕಾಳು ಕಟ್ಟುತ್ತಿದ್ದ ಜೋಳ. ಬಸವನ ಬಾಗೇವಾಡಿ ಮುಟ್ಟಿದಾಗ ನಾಲ್ಕು ದಾಟಿತ್ತು. ನನ್ನ ಜೊತೆ ಡ್ರಾಯಿಂಗ್ ಕಲಿತ ಗೆಳತಿಯ ಮನೆ ಅಲ್ಲಿದೆ. ಅವಳೊಡನೆ ಊರ ಹೊರಗಿನ ಪಾಳುಗುಡಿಯೊಂದಕ್ಕೆ ಹೋಗಿ ಬಂದೆ. ಅಲ್ಲಿನ ಬಸವನ ಮೂತಿ ಒಡೆದಿದೆ, ಕೊರಳು ಉಳಿದಿದೆ. ಪಟ್ಟಿಯ ಎರಡೂ ಅಂಚಿಗೆ ಸೂಜಿ ಹೋಗಿ ಬಂದ ಗುರುತನ್ನು ಶಿಲ್ಪಿ ಬಿಡದೆ ಕೆತ್ತಿದ್ದಾನೆ. ಎಣಿಸುತ್ತ ಹೋದೆ. ಅರ್ಧಕ್ಕೆ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. ರಾತ್ರಿ ಗೆಳತಿಯ ಮನೆಯಲ್ಲೇ ಉಳಿದೆ.

ಭಾನುವಾರ ಹತ್ತಕ್ಕೆ ಮುದ್ದೇಬಿಹಾಳ, ಅಲ್ಲಿಂದ ಆಟೋದಲ್ಲಿ ಆ ಹಳ್ಳಿ. ಕಲ್ಲಿರುವ ಮನೆಯವರು ಬೇಡವೆಂದದ್ದರಿಂದ ಊರಿನ ಹೆಸರು ಬರೆಯುವುದಿಲ್ಲ. ಕಲ್ಲು ಇರುವುದು ಬಸಲಿಂಗಪ್ಪ ಎಂಬ ರೈತರ ಮನೆಯ ಮುಂದೆ. ಅವರು ಎಪ್ಪತ್ತು ದಾಟಿದವರು. ಹೆಂಡತಿ ಗಂಗವ್ವ ನನ್ನನ್ನು ಒಳಗೆ ಕರೆದು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಂಡು ಹೊರಗೆ ಬಂದಾಗ ಪೇಂಟರ್ ಮಾಬೂಸಾಬ್ ಬಂಗಾರದ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

ಕಲ್ಲಿನ ಮೇಲುಭಾಗ ಸ್ವಚ್ಛವಾಗಿತ್ತು. ಎದೆಗೆ ಬಾಣ ನಾಟಿದ ವೀರ, ಅವನ ಕಾಲ ಬಳಿ ಮೊಳೆಪಟ್ಟಿಯ ನಾಯಿ. ಕೆಳಗಿನ ಸಾಲು ಎಣ್ಣೆ ಕುಂಕುಮದಿಂದ ಕಪ್ಪಗೆ ಗಡುಸಾಗಿತ್ತು. ಆರು ಜನರಿದ್ದಾರೆ, ಎಲ್ಲರ ಕೊರಳಲ್ಲೂ ದಪ್ಪನೆಯ ಬಳೆಯಂಥದ್ದಿದೆ ಎಂಬುದಷ್ಟೇ ತಿಳಿಯುತ್ತಿತ್ತು.

"ಅರಸ ಕೊಟ್ಟ ಬಂಗಾರದ ಸರ ಅವು," ಎಂದರು ಬಸಲಿಂಗಪ್ಪ. "ನಮ್ಮ ಹಿರ್ಯಾರು ಇವ್ರು. ಮೊಮ್ಮಗಳ ಮದಿವ್ಯಾಗ ಬೀಗರಿಗೆ ಕಾಣ್ಲಿ ಅಂತ ಬಣ್ಣ ಹೊಡಸಾಕತ್ತೇನಿ."

ನಾನು ಬೆರಳಿನಿಂದ ಒಂದು ಕೊರಳನ್ನು ಸವರಿದೆ. ಬಳೆ ಅಲ್ಲಿಗೇ ಮುಗಿಯಲಿಲ್ಲ. ಬೆರಳು ಪಕ್ಕದವರ ಕೊರಳವರೆಗೂ ಹೋಯಿತು. ಅವರ ಮನೆಯ ಅನ್ನ ಉಂಡು ಎದ್ದವಳು ನಾನು, ಬಾಯಿ ಬಿಡಲೋ ಬೇಡವೋ ಎಂದು ಬೆರಳು ಹಿಂತೆಗೆದುಕೊಂಡೆ. ಆಮೇಲೆ, "ಬಣ್ಣ ಹಚ್ಚೂಕ್ಕಿಂತ ಮದ್ಲ ತೊಳೀಬೇಕಲ್ರಿ," ಎಂದೆ. ಮಾಬೂಸಾಬರೂ ಹೌದೆಂದರು. ಗಂಗವ್ವ ಬಿಸಿನೀರು, ಸೀಗೆಪುಡಿ ತಂದರು. ಅವರೂ ನಾನೂ ನಾರಿನಿಂದ ತಿಕ್ಕಿದೆವು. ಒಂದು ತಾಸು ಹಿಡಿಯಿತು.

ಕೊರಳಿಂದ ಕೊರಳಿಗೆ ಹುರಿ ಹಗ್ಗ. ಅದರ ತುದಿ ಕುದುರೆ ಏರಿದ ಒಬ್ಬನ ಮುಷ್ಟಿಯಲ್ಲಿತ್ತು. ಆರು ಜನರಲ್ಲಿ ನಾಲ್ವರು ಹೆಂಗಸರು.

ನನಗೆ ತಿಳಿದಷ್ಟನ್ನು ಹೇಳಿದೆ. ಆ ಕಾಲದಲ್ಲಿ ಊರಿನ ಮೇಲೆ ಬಿದ್ದು ಹೆಣ್ಣುಮಕ್ಕಳನ್ನು ಸೆರೆ ಒಯ್ಯುತ್ತಿದ್ದರು. ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸುತ್ತಿದ್ದರು.

ಬಸಲಿಂಗಪ್ಪನವರ ಮುಖ ಬಿಗಿಯಿತು. "ನಾ ಮಂದಿ ಮುಂದ ಏನಂತ ಹೇಳ್ಲಿ? ನಮ್ಮ ಹಿರ್ಯಾರ ಕೊಳ್ಳಾಗ ಹಗ್ಗ ಇತ್ತಂತ ಹೇಳ್ಲೇನು? ಮಾಬೂಸಾಬ, ನೀ ಹೊಡಿ ಬಣ್ಣ."

ಮಾಬೂಸಾಬರು ಬ್ರಷ್ ಎತ್ತಿದವರು ನನ್ನ ಮುಖ ನೋಡಿದರು. ನಮ್ಮ ಮನೆಯಲ್ಲಿ ಮಾತ್ರ ಆಡುವ ಒಂದು ಮಾತನ್ನು ಆಗ ನಾನು ಹೊರಗಿನವರ ಮುಂದೆ ಮೊದಲ ಸಲ ಆಡಿದೆ. "ನಮ್ಮ ಆಯಿ, ಅಪ್ಪನ ಅವ್ವ, ಹೇಳ್ತಿದ್ಲರಿ. ಅಕಿ ಮುತ್ಯಾನ ಕಾಲದಾಗ ನಮ್ಮವರು ಊರಾಗ ಬರೂಮುಂದ ಕೊಳ್ಳಿಗೆ ಗಡಗಿ ಕಟಗೊಂಡು ಬರಬೇಕಿತ್ತಂತ, ಉಗುಳು ನೆಲಕ್ಕ ಬೀಳಬಾರದಂತ. ನಮಗ ಅದನ್ನ ಹೇಳ್ಬ್ಯಾಡ ಅಂತ ಅಪ್ಪ ಅಕಿಗೆ ಬೈತಿದ್ದ. ಅಕಿ ಹೇಳೂದು ಬಿಡ್ಲಿಲ್ಲ. ಕಟಗೊಂಡವ್ರಿಗೆ ಯಾಕ ನಾಚಿಕಿ, ಕಟ್ಟಿಸಿದವ್ರಿಗೆ ಇರ್ಲಿ ಅಂತಿದ್ಲು."

ಬಸಲಿಂಗಪ್ಪನವರು ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದರು. ಗಂಗವ್ವ ಮಾತ್ರ ಕಲ್ಲಿನ ಮುಂದೆ ಬಗ್ಗಿ, ಸಾಲಿನಲ್ಲಿ ಎರಡನೆಯವಳ ಮೇಲೆ ಕೈಯಿಟ್ಟಿದ್ದರು.

"ಇಲ್ನೋಡ್ರಿ," ಎಂದರು ಗಂಡನಿಗೆ. "ಇಕಿ ಬಸರಿ ಅದಾಳ."

ಹೌದು. ಉಳಿದವರ ಸೊಂಟಕ್ಕೂ ಇವಳ ಸೊಂಟಕ್ಕೂ ವ್ಯತ್ಯಾಸವಿತ್ತು. ನಾನೂ ಅದನ್ನು ಗಮನಿಸಿರಲಿಲ್ಲ.

"ಮ್ಯಾಲಿನವ ಸತ್ತಾನ, ಇಕಿ ಉಳದಾಳ," ಎಂದರು ಗಂಗವ್ವ ಮೆಲ್ಲಗೆ. "ನಿಮ್ಮ ವಂಶ ಇಕಿ ಕೂಸಿಂದ ಬಂದಿದ್ದರೂ ಬಂದಿದ್ದೀತು. ಇಕಿ ಕೊಳ್ಳಾಗಿನ ಹಗ್ಗಕ್ಕ ಬಂಗಾರ ಬಳೀತೀರೇನು?"

ಅವಳು ಉಳಿದಳೋ ಇಲ್ಲವೋ ಕಲ್ಲು ಹೇಳುವುದಿಲ್ಲ. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಬಸಲಿಂಗಪ್ಪನವರು ಕಟ್ಟೆಯಿಂದ ಎದ್ದು ಬಂದು ಅವಳನ್ನು ಬಗ್ಗಿ ನೋಡಿ, "ಡಬ್ಬಿ ಮುಚ್ಚಪಾ," ಎಂದರು. ಮಾಬೂಸಾಬರು ಮುಚ್ಚಳವನ್ನು ಅಂಗೈಯಿಂದ ಒತ್ತಿ ಕೂಡಿಸಿದರು.

"ಬೀಗರು ಕೇಳಿದ್ರ?" ಎಂದು ನಾನೇ ಕೇಳಿದೆ.

"ಇದ್ದದ್ದು ಹೇಳ್ತೇನ್ರಿ," ಎಂದರು. ದನಿಯಲ್ಲಿ ಕಸಿವಿಸಿ ಇನ್ನೂ ಹೋಗಿರಲಿಲ್ಲ. ನನ್ನನ್ನು ಪೂರ್ತಿ ಕ್ಷಮಿಸಿದಂತೆಯೂ ಕಾಣಲಿಲ್ಲ.

ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಗಂಗವ್ವ ಚೀಲಕ್ಕೆ ಒಂದಿಷ್ಟು ಹಸಿ ಕಡಲೆಗಿಡ ತುರುಕಿದರು. ಮಾಬೂಸಾಬರು ತಮ್ಮ ಬೈಕಿನಲ್ಲಿ ಡಾಂಬರು ರಸ್ತೆಯವರೆಗೆ ಬಿಡುತ್ತೇನೆಂದರು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಬಸಲಿಂಗಪ್ಪನವರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ತಲೆಯ ರುಮಾಲು ಬಿಚ್ಚಿ, ಅದರ ತುದಿಯಿಂದ, ಸಾಲಿನವರ ಕೊರಳಲ್ಲಿ ನಿಂತಿದ್ದ ನೀರನ್ನು ಒಬ್ಬೊಬ್ಬರದಾಗಿ ಒರೆಸುತ್ತಿದ್ದರು.