ಬೀಗದೊಳಗಿನ ಹಳದಿ ಡಬ್ಬ

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡದೆ ಬೀಗದಣ್ಣ ಯಾವ ಬಾಗಿಲನ್ನೂ ಬಿಟ್ಟು ಬಂದವರಲ್ಲ. ಜಗ್ಗಿ, ನಾಲ್ಕು ಹೆಜ್ಜೆ ನಡೆದು, ಮನಸ್ಸು ಒಪ್ಪದೆ ತಿರುಗಿ ಬಂದು ಮತ್ತೆ ಜಗ್ಗುವರು. ಪ್ರಯೋಗಾಲಯದ ದೊಡ್ಡ ಬಾಗಿಲು, ರಾಸಾಯನಿಕಗಳ ಕೋಣೆ, ಗಾಜಿನ ಸಾಮಾನಿನ ಕಪಾಟು, ಸಂಜೆ ಮನೆಗೆ ಬಂದರೆ ಸೈಕಲ್ಲು. ಮಳೆಯಿರಲಿ, ಜ್ವರವಿರಲಿ, ಇದು ತಪ್ಪಿದ್ದಿಲ್ಲ.

"ನನ್ನ ಬಾಯಿಗೊಂದು ಬೀಗ ತಂದಿಲ್ಲವಲ್ಲ, ಅದೇ ನನ್ನ ಪುಣ್ಯ" ಎಂದು ಅವರ ಹೆಂಡತಿ ನೆರೆಮನೆಯವರಾದ ನಮ್ಮೆಲ್ಲರೆದುರು ಹೇಳುತ್ತಿದ್ದರು.

"ತರೋಣ ಅಂತ್ಲೇ ಹೋಗಿದ್ದೆ. ಅಷ್ಟು ದೊಡ್ಡದು ಅಂಗಡೀಲಿ ಇರಲಿಲ್ಲ" ಎನ್ನುವರು ಬೀಗದಣ್ಣ, ನಗದೆ.

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಅವರು ಲ್ಯಾಬ್ ಅಟೆಂಡರ್. ಸೀಸೆ ತೊಳೆಯುವ ಕೆಲಸಕ್ಕೆ ಸೇರಿ ಅಲ್ಲೇ ತಲೆ ನರೆಸಿಕೊಂಡವರು. ಅವರ ಬೀಗದ ಹುಚ್ಚಿಗೂ ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತೆರೆದಿಟ್ಟ ಕಪಾಟಿನಿಂದ ಸೂಕ್ಷ್ಮ ತಕ್ಕಡಿಯೊಂದು ಕಾಣೆಯಾಗಿ, ಎಲ್ಲರ ಕಣ್ಣೂ ಇವರ ಮೇಲೆ ಬಿದ್ದಿತ್ತು. ಬಹಳ ದಿನಗಳ ಮೇಲೆ ಅದು ಒಬ್ಬ ಪ್ರೊಫೆಸರರ ಕೋಣೆಯಲ್ಲಿ, ಹಳೆಯ ಕಾಗದಗಳ ಅಡಿಯಲ್ಲಿ ಸಿಕ್ಕಿತು. ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ. ಅಂದಿನಿಂದ ಬೀಗದ ಕೈಗಳ ಗೊಂಚಲು ಅವರ ಸೊಂಟ ಬಿಟ್ಟು ಇಳಿದಿಲ್ಲ. "ಅಣ್ಣಾ, ಕಿಟಕಿ ಗಾಳಿಗೂ ಒಂದು ಬೀಗ ಹಾಕ್ಬಿಡಿ" ಎಂದು ವಿದ್ಯಾರ್ಥಿಗಳು ಕಿಚಾಯಿಸುವರು. ಅವರು ಇಟ್ಟ ಹೆಸರೇ ನಮ್ಮ ಬೀದಿಗೂ ಬಂತು.

ಪ್ರಯೋಗಾಲಯದ ಬಾಗಿಲ ಪಕ್ಕ ಒಂದು ಹಳದಿ ಡಬ್ಬ ಇರುತ್ತಿತ್ತು. ಆಸಿಡ್ಡೋ ಮತ್ತೊಂದೋ ನೆಲಕ್ಕೆ ಚೆಲ್ಲಿದರೆ ತಕ್ಷಣ ಕೈಗೆ ಸಿಗಲೆಂದು ಇಟ್ಟದ್ದು. ದಪ್ಪ ಕೈಗವಸು, ಕಣ್ಣಿಗೆ ಹಾಕುವ ಕನ್ನಡಕ, ಆಸಿಡ್ಡನ್ನು ಹೀರಿ ಅದರ ಉರಿ ತೆಗೆಯುವ ಪುಡಿ, ಪ್ಲಾಸ್ಟಿಕ್ ಸಲಿಕೆ, ಗಟ್ಟಿ ಚೀಲಗಳು, ಹೀರುವ ಹಾಳೆಗಳು. ಆದರೆ ವಿದ್ಯಾರ್ಥಿಗಳಿಗೆ ಮೇಜಿನ ಮೇಲೆ ಟೀ ಚೆಲ್ಲಿದರೂ ಆ ಹಾಳೆಯೇ ಬೇಕು. ಕೈಗವಸು ಯಾರ ಮನೆಯ ಕಕ್ಕಸು ತೊಳೆಯಲು ಹೋಯಿತೋ. ಕನ್ನಡಕ ಯಾರದೋ ಬೈಕ್ ಏರಿ ಹೋಯಿತು. ಪ್ರತಿ ಸಲವೂ ಕೇಳಿ, ಬೇಡಿ, ತುಂಬಿಸಿ ಸಾಕಾಗಿ, ಕೊನೆಗೊಮ್ಮೆ ಬೀಗದಣ್ಣ ಹೊಸ ಡಬ್ಬ ತರಿಸಿ, ಸೀಲು ಒಡೆಯದೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಜಗ್ಗಿಯೂ ನೋಡಿದರು. ಆ ವರ್ಷ ತಪಾಸಣೆಗೆ ಬಂದವರು ಸೀಲು ನೋಡಿ, "ಇಷ್ಟು ಅಚ್ಚುಕಟ್ಟಾಗಿ ಎಲ್ಲೂ ಇಟ್ಟಿಲ್ಲ" ಎಂದು ಹೊಗಳಿ ಹೋದರು. ಬೀಗದ ಕೈ ಎಲ್ಲಿರುತ್ತದೆ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಆ ಕಟ್ಟಡವನ್ನು ಗುಡಿಸಿ ಒರೆಸುವವಳು ಗುಂಯಕ್ಕ. ಗುತ್ತಿಗೆಯ ಕೆಲಸ. ಬಾಯಿ ಮುಚ್ಚಿಕೊಂಡೇ ಏನನ್ನಾದರೂ ಗುನುಗುತ್ತಿರುತ್ತಾಳೆಂದು ಆ ಹೆಸರು. ಅವಳು ಯಾವ ಮಹಡಿಯಲ್ಲಿದ್ದಾಳೆ ಎಂದು ತಿಳಿಯಲು ಯಾರೂ ಕೂಗಬೇಕಿರಲಿಲ್ಲ. ಕಿವಿಗೊಟ್ಟರೆ ಸಾಕು. ಬೀಗದಣ್ಣನಿಗಿಂತ ಬಹಳ ಚಿಕ್ಕವಳು; ಅಣ್ಣಾ ಎಂದೇ ಕರೆಯುತ್ತಿದ್ದಳು.

ಅದು ನಡೆದದ್ದು ಮಧ್ಯಾಹ್ನ, ಬೀಗದಣ್ಣ ಊಟಕ್ಕೆ ಮನೆಗೆ ಬಂದಿದ್ದ ಹೊತ್ತಿನಲ್ಲಿ. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ನೈಟ್ರಿಕ್ ಆಸಿಡ್ಡಿನ ದೊಡ್ಡ ಸೀಸೆಯನ್ನು ಕುತ್ತಿಗೆ ಹಿಡಿದು ಒಯ್ಯುತ್ತಿದ್ದಳು. ಸೀಸೆ ಮೇಜಿನ ಅಂಚಿಗೆ ತಾಗಿ ಒಡೆಯಿತು. ಹುಡುಗಿ ಕೂಗಿ ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಗೋಡಿದಳು. ಅಷ್ಟು ಸರಿಯಾಗಿಯೇ ಮಾಡಿದಳು. ಆದರೆ ಕಾರಿಡಾರಿನಲ್ಲಿ ಎದುರಾದ ಗುಂಯಕ್ಕನಿಗೆ, "ಅಕ್ಕಾ, ಒಳಗೆ ಆಸಿಡ್ ಚೆಲ್ಲಿದೆ" ಎಂದುಬಿಟ್ಟಳು. ನೆಲದ ಮೇಲೆ ಏನು ಚೆಲ್ಲಿದರೂ ಅದು ತನ್ನ ಪಾಲಿನದು ಎಂದುಕೊಂಡಿದ್ದವಳು ಗುಂಯಕ್ಕ. ಒಳಗೆ ಹೋಗಿ ಹಳದಿ ಡಬ್ಬದ ಕಪಾಟು ಜಗ್ಗಿದಳು. ಬರಲಿಲ್ಲ. ಬೀಗದಣ್ಣನಿಗೆ ಫೋನ್ ಮಾಡಿದಳು. ಫೋನು ಇಲ್ಲಿ ಅವರ ಮನೆಯ ಗೂಡಿನಲ್ಲಿ ಹೊಡೆದುಕೊಳ್ಳುತ್ತಿತ್ತು. ಅವರು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು.

ಕೆಳಗಿನ ವರ್ಕ್‌ಶಾಪಿನಲ್ಲಿ ಎಣ್ಣೆ ಚೆಲ್ಲಿದಾಗ ಹಾಕುವ ಮರದ ಹೊಟ್ಟಿನ ಮೂಟೆ ಅವಳಿಗೆ ನೆನಪಾಯಿತು. ಎಣ್ಣೆಗೆ ಆಗುವುದು ಇದಕ್ಕೂ ಆದೀತು ಎಂದು ತಂದು ಸುರಿದಳು. ಈ ಆಸಿಡ್ಡಿಗೆ ಮರದ ಹೊಟ್ಟು, ಕಾಗದ, ಬಟ್ಟೆ ಎಂದರೆ ಉರಿಯುವ ಒಲೆಗೆ ಸೌದೆ ಇಟ್ಟಂತೆ. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೊಟ್ಟು ಕಪ್ಪಾಗಿ, ಬಿಸಿಯಾಗಿ, ಇಟ್ಟಿಗೆ ಬಣ್ಣದ ಹೊಗೆ ಏಳತೊಡಗಿತು. ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು, ಎಲ್ಲವನ್ನೂ ತಗಡಿನ ತೊಟ್ಟಿಗೆ ಗುಡಿಸಿ, ತೊಟ್ಟಿಯನ್ನು ಹೊರಗಿನ ಬಯಲಿಗೆ ಎಳೆದು ತಂದಳು.

ಕೈ ಒರೆಸಿಕೊಂಡು ಬಂದು ಫೋನ್ ನೋಡಿ, ವಿಷಯ ತಿಳಿದು ಬೀಗದಣ್ಣ ಏದುಸಿರು ಬಿಡುತ್ತ ಬಂದಾಗ ತೊಟ್ಟಿ ಇನ್ನೂ ಹೊಗೆಯಾಡುತ್ತಿತ್ತು. ಅವರ ಬಾಯಿಂದ ಬಂದ ಮೊದಲ ಮಾತು, "ನೆಲ ಸುಟ್ಟೋಯ್ತಾ?"

ತರಬೇತಿ ಕೊಟ್ಟವರು ಹತ್ತಾರು ಸಲ ಹೇಳಿಸಿದ್ದರು: ಮೊದಲು ಜನ, ಆಮೇಲೆ ನೆಲ. ಇವರೂ ಎಲ್ಲರ ಜೊತೆ ಕೂಗಿ ಹೇಳಿದ್ದರು. ಆ ಹೊತ್ತಿಗೆ ನೆನಪಾಗಲಿಲ್ಲ. ಕಪಾಟು ತೆಗೆದು, ಸೀಲು ಒಡೆದು, ಉಳಿದದ್ದರ ಮೇಲೆ ಅಂಚಿನಿಂದ ನಡುವಿಗೆ ಪುಡಿ ಹಾಕುತ್ತ ಬಂದರು. ಮೇಲಿನವರು ಬಂದು ನೋಡುವಾಗ ಕಪಾಟಿನ ಬಾಗಿಲು ತೆರೆದಿತ್ತು, ಡಬ್ಬ ಎದುರಿಗಿತ್ತು.

ಹೊರಗೆ ಗುಂಯಕ್ಕ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದಳು.

"ಎದೆ ಹೇಗಿದೆಯಮ್ಮಾ?"

"ಮೆಣಸಿನಕಾಯಿ ಹುರಿದಂಗೆ ಘಾಟು, ಅಷ್ಟೇ ಅಣ್ಣಾ. ನೀವೇನು, ಸೈಕಲ್ಲಿಗೆ ಬೀಗ ಹಾಕದೇ ಓಡಿ ಬಂದ್ರಾ? ಇವತ್ತು ಭೂಮಿ ಉಲ್ಟಾ ತಿರುಗುತ್ತೆ ಬಿಡಿ."

ಆ ಹೊಗೆ ಎಂಥ ಮೋಸದ್ದೆಂದು ಬೀಗದಣ್ಣನಿಗೆ ಗೊತ್ತಿತ್ತು. ಅದನ್ನು ಉಸಿರಿಗೆ ಎಳೆದುಕೊಂಡವರು ನಗುನಗುತ್ತ ಮನೆಗೆ ಹೋಗುತ್ತಾರೆ, ಹೊತ್ತು ಕಳೆದ ಮೇಲೆ ಎದೆಯಲ್ಲಿ ನೀರು ತುಂಬುತ್ತದೆ. ಏನೂ ಆಗಿಲ್ಲ ಎಂದರೂ ಕೇಳದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಆದರೆ ಆಸ್ಪತ್ರೆಗೆ ಒಯ್ದರೆ ವಿಚಾರಣೆ. ವಿಚಾರಣೆಯಾದರೆ ಬೀಗದ ಕೈ ಎಲ್ಲಿತ್ತು ಎಂಬ ಪ್ರಶ್ನೆ. "ಮನೆಗೆ ಹೋಗಿ ಮಲಕ್ಕೋ. ಸರಿಹೋಗುತ್ತೆ" ಎಂದರು.

ಅವಳು ಬಸ್ಸು ಹತ್ತಿ ಹೋದಳು. ಹೊತ್ತು ಮುಳುಗುವುದರೊಳಗೆ ಉಸಿರು ಕಟ್ಟಿ, ಅತ್ತೆಯೂ ನೆರೆಯವರೂ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಜೀವ ಉಳಿಯಿತು. ಎದೆ ಮೊದಲಿನಂತಾಗುವುದು ಕಷ್ಟ ಎಂದರು ಡಾಕ್ಟರು.

ಆಮೇಲೆ ಬೀಗದಣ್ಣನ ಸೈಕಲ್ಲು ಬೀಗವಿಲ್ಲದೆ ಗೋಡೆಗೆ ಒರಗಿರುತ್ತಿತ್ತು. ಹೆಂಡತಿ ಬಡಿಸಿದರೆ ತಟ್ಟೆಯಲ್ಲಿ ಬೆರಳಾಡಿಸಿ ಏಳುವರು. ಒಂದು ಸಂಜೆ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಹೇಳಿದರು. "ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರೆ. ನಾನು ಬಾಗಿಲು ಹಾಕಿಟ್ಟೇ ಕೊಳ್ಳೆ ಹೊಡೆಸ್ದೆ" ಎಂದರು. ದೇವರಲ್ಲಿ ಕೇಳಿಕೊಳ್ಳಿ, ಅವನು ಕ್ಷಮಿಸುತ್ತಾನೆ ಎಂದೆ.

"ಕ್ಷಮಿಸೋಕೆ ಅವನಿಗೇನು ಕಷ್ಟ ಅಕ್ಕಾ? ಉರಿದಿದ್ದು ಅವನೆದೆ ಅಲ್ಲವಲ್ಲ. ಅವಳದು."



ಈ ಅವಘಡದ ವಿಚಾರಣೆಗೆ ಸುರಕ್ಷತಾ ಸಮಿತಿ ಸೇರುವ ಹಿಂದಿನ ದಿನ ವಿಭಾಗದ ಮುಖ್ಯಸ್ಥರು ಅವರನ್ನು ಕರೆಸಿದರು. "ಡಬ್ಬ ಎದುರಿಗೇ ಇತ್ತು, ಆಕೆ ಬಳಸಲಿಲ್ಲ. ಹೊಟ್ಟು ಹಾಕಿದ್ದು ಆಕೆಯ ಅಜಾಗರೂಕತೆ. ಗುತ್ತಿಗೆಯವರು ಬೇರೆಯವರನ್ನ ಕಳಿಸ್ತಾರೆ. ಡಬ್ಬ ನಿಮ್ಮ ವಶದಲ್ಲಿ ಸರಿಯಾಗಿತ್ತು ತಾನೇ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಬೀಗದಣ್ಣನ ಕೈ ಸೊಂಟದ ಗೊಂಚಲಿಗೆ ಹೋಯಿತು. "ಸರಿಯಾಗಿತ್ತು ಸರ್" ಎಂದು ಹೊರಗೆ ಬಂದರು. ಸುಳ್ಳೇನೂ ಹೇಳಿರಲಿಲ್ಲ. ಆದರೆ ತಾನು ಬಾಯಿ ಬಿಡದಿದ್ದರೆ ಗುಂಯಕ್ಕನ ಉಸಿರಿನ ಜೊತೆ ಅನ್ನವೂ ಹೋಗುತ್ತದೆ, ಬಿಟ್ಟರೆ ತನ್ನದು. ಮೆಟ್ಟಿಲಿಳಿಯುವಾಗ ಯಾವ ಮಹಡಿಯಿಂದಲೂ ಗುನುಗು ಕೇಳಲಿಲ್ಲ. ಸೈಕಲ್ಲನ್ನು ಮನೆಯ ಕಡೆ ತಿರುಗಿಸದೆ ಅವಳ ಮನೆಯ ಕಡೆಗೆ ತಿರುಗಿಸಿದರು.

ಒಂದೇ ಕೋಣೆಯ ಮನೆ. ಗುಂಯಕ್ಕ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಅತ್ತೆ ಬಾಗಿಲಲ್ಲಿ ಬಟಾಣಿ ಸುಲಿಯುತ್ತಿದ್ದರು.

"ಬಂದ್ರಾ, ಕೂತ್ಕೊಳ್ಳಿ. ಸೊಸೆಯಾಗಿ ಬಂದಾಗ್ಲಿಂದ ಬಾಯಿ ಮುಚ್ಚೇ, ಬಾಯಿ ಮುಚ್ಚೇ ಅಂತ ಬೈದೆ. ಈಗ ಮುಚ್ಚಿದಾಳೆ. ಮನೇಲಿ ನೊಣ ಹಾರಿದ್ರೂ ಕೇಳ್ಸುತ್ತೆ ನೋಡಿ. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ."

"ಸುಮ್ನಿರಿ ಅತ್ತೆ" ಎಂದಳು ಗುಂಯಕ್ಕ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕಿತ್ತು. "ಅಣ್ಣಾ, ನಾಳೆ ಸಮಿತಿ ಅಂತೆ. ನನ್ನ ಹತ್ರ ಕೇಳಕ್ಕೆ ಇಲ್ಲಿಗೇ ಬರ್ತಾರಂತೆ. ನಾನು ಯೋಚಿಸಿಟ್ಟಿದೀನಿ. ಕಪಾಟು ತೆಗೆದೇ ಇತ್ತು, ಗಾಬರೀಲಿ ನಾನೇ ನೋಡಲಿಲ್ಲ ಅಂತೀನಿ."

ಬೀಗದಣ್ಣ ಬೇಡವೆಂದು ಕೈಯೆತ್ತಿದರೂ ಅವಳು ನಿಲ್ಲಿಸಲಿಲ್ಲ.

"ಆ ಮೆಟ್ಟಿಲು ನನಗೆ ಹೇಗೂ ಇನ್ನು ಹತ್ತಕ್ಕಾಗಲ್ಲ. ನಿಮಗೆ ನಿವೃತ್ತಿ ಹತ್ರ. ಮುಳುಗೋಳು ಮುಳುಗಿದೀನಿ, ನಿಮ್ಮನ್ಯಾಕೆ ಎಳೀಲಿ? ಡಾಕ್ಟರ ಹತ್ರ ಹೋಗು ಅಂತ ನೀವು ಹೇಳಿದ್ರಿ, ನಾನೇ ಕೇಳಲಿಲ್ಲ ಅಂತಾನೂ ಸೇರಿಸ್ತೀನಿ."

"ಹೇಳಲಿಲ್ಲಮ್ಮ."

"ಗೊತ್ತು. ಹೇಳಿದ್ರಿ ಅಂತ ನಾನು ಹೇಳ್ತೀನಿ."

"ಆ ಹೊಗೆ ಏನು ಮಾಡುತ್ತೆ ಅಂತ ನನಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ಕೂತಿದ್ಯಲ್ಲ, ಆಗಲೇ ಗೊತ್ತಿತ್ತು. ಕೇಳ್ತಾರಲ್ಲ ಅಂತ ಹೆದರಿ ನಿನ್ನ ಮನೆಗೆ ಕಳಿಸ್ದೆ."

ಅತ್ತೆಯ ಕೈಯಲ್ಲಿದ್ದ ಬಟಾಣಿ ಕೈಯಲ್ಲೇ ಉಳಿಯಿತು. ಗುಂಯಕ್ಕ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಹೊರಗೆ ಯಾರೋ ಬಕೆಟ್ಟಿಗೆ ನೀರು ಬಿಟ್ಟಿದ್ದರು. ಅದು ತುಂಬಿ ಹೊರಚೆಲ್ಲಿತು.

"ಗೊತ್ತಿತ್ತಾ" ಎಂದಳು ಕೊನೆಗೆ. ಮುಖ ಈಚೆಗೆ ತಿರುಗಿಸಲಿಲ್ಲ. ಉಸಿರೆಳೆದುಕೊಂಡು, "ಆದ್ರೂ ಹೇಳಿದ ಮಾತು ಹೇಳಿದೀನಿ. ಬೇಕಾದ್ರೆ ಹಂಗೇ ಹೇಳ್ತೀನಿ. ನಿಮ್ಮ ಇಷ್ಟ."

ಬೀಗದಣ್ಣ ಎದ್ದು ನಿಂತರು. ಸೊಂಟದ ಗೊಂಚಲು ಸದ್ದು ಮಾಡಿತು. ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದರು.

"ಬೇಡಮ್ಮ. ನೀನು ನನಗಾಗಿ ಏನೂ ಹೇಳಬೇಡ. ನಾಳೆ ಅವರು ಕೇಳಿದ್ರೆ, ಕಪಾಟು ಜಗ್ಗಿದೆ, ಬರಲಿಲ್ಲ ಅನ್ನು. ಮಿಕ್ಕಿದ್ದು ನಾನು ಹೇಳ್ತೀನಿ."