ಸೀಟಿ ಬಿಟ್ಟ ಕೋಚಮ್ಮ

ಕೋಚಮ್ಮನಿಗೆ ಸೀಟಿ ಊದುವುದಕ್ಕೇ ಬರುವುದಿಲ್ಲವಂತೆ, ಇನ್ನು ಮಕ್ಕಳಿಗೆ ಫುಟ್‌ಬಾಲ್ ಏನು ಕಲಿಸಿಯಾಳು ಎಂಬ ಮಾತು ಬಡಾವಣೆಯಲ್ಲಿ ಬಹಳ ದಿನ ಹರಿದಾಡಿತು. ಅದು ಶುದ್ಧ ಸುಳ್ಳು. ವಾರವಿಡೀ ಹೊಲಿಗೆಯಂತ್ರಕ್ಕೆ ಬಗ್ಗಿ, ಭಾನುವಾರ ಬಿಟ್ಟಿಯಾಗಿ ಮಕ್ಕಳ ಕ್ಲಬ್ ನಡೆಸುವ ಆಕೆ ಒಮ್ಮೆ ಊದಿದರೆ ಮೂರು ಬೀದಿಯಾಚೆಯ ನಾಯಿಗಳು ಎದ್ದು ಬೊಗಳುತ್ತಿದ್ದವು.

ಆದರೆ ಕಿವಿ ಕೇಳದ ಹುಡುಗಿಯೊಬ್ಬಳು ತಂಡಕ್ಕೆ ಸೇರಿದ ಮೊದಲ ದಿನ, ಸೀಟಿಗೆ ಆಟ ನಿಂತದ್ದು ತಿಳಿಯದೆ ಒಬ್ಬಳೇ ಓಡಿ ಗೋಲು ಹೊಡೆದು ಕುಣಿದಳು. ಅಂಚಿನಲ್ಲಿ ನಿಂತಿದ್ದ ದೊಡ್ಡವರು ಹೊಟ್ಟೆ ಹಿಡಿದು ನಕ್ಕರು. ಮುಂದಿನ ವಾರ ಕೋಚಮ್ಮ ತನ್ನ ಹೊಲಿಗೆ ಅಂಗಡಿಯಲ್ಲಿ ಉಳಿದಿದ್ದ ಹಳದಿ ಬಟ್ಟೆಯ ಅಂಚು ಹೊಲಿದು, ಕೋಲಿಗೆ ಕಟ್ಟಿ ತಂದಳು. ಇನ್ನು ಸೀಟಿಯಿಲ್ಲ, ಬಟ್ಟೆ ಮೇಲೆದ್ದರೆ ಆಟ ನಿಲ್ಲಬೇಕು. ಎಲ್ಲರಿಗೂ ಅದೇ ನಿಯಮ. ತಲೆಯೆತ್ತಿ ಆಡುವುದು ರೂಢಿಯಾದ ಮೇಲೆ ಮಕ್ಕಳ ಪಾಸುಗಳೂ ಸುಧಾರಿಸಿದವು.

ಪಂದ್ಯಾವಳಿಗೆ ತಂಡದ ಹೆಸರು ಕೊಟ್ಟ ಕೋಚಮ್ಮ ಅಲ್ಲೂ ಬಾವುಟವೇ ಇರಲಿ ಎಂದು ಕೇಳಿದಾಗ, ಅದರ ಕಾರ್ಯದರ್ಶಿ ಮಾತ್ರ ಒಪ್ಪಲಿಲ್ಲ.

"ಒಬ್ಬಳಿಗೋಸ್ಕರ ರೆಫ್ರಿ ಕೈಗೆ ಬಾವುಟ ಕೊಡೋಕಾಗುತ್ತಾ ಮೇಡಂ? ಆ ಹುಡುಗೀನ ಬೆಂಚಲ್ಲಿ ಕೂರಿಸಿ, ನಿಮ್ಮ ತಂಡ ಉಳಿಸ್ಕೋತೀನಿ."

"ಅವಳು ಕೂತರೆ ಹದಿನಾಲ್ಕು ಜನಾನೂ ಕೂರ್ತಾರೆ ಸಾರ್. ಅಷ್ಟು ಉದ್ದದ ಬೆಂಚಿದೆಯಾ?"

ಕಾರ್ಯದರ್ಶಿ ನಕ್ಕು, ಪಟ್ಟಿಯಿಂದ ತಂಡದ ಹೆಸರು ಹೊಡೆದುಹಾಕಿದ.

ತಂಡದ ನಾಯಕಿ ಕೋಚಮ್ಮನ ಮಗಳೇ. ಮನೆಗೆ ಬಂದವಳು ಬೂಟು ಮೂಲೆಗೆಸೆದಳು. "ಎರಡು ವರ್ಷ ಕಾದಿದ್ದೆ ಕಣಮ್ಮಾ. ನಿಂಗೇನು, ಹೇಳಿ ಬಂದ್ಬಿಟ್ಟೆ! ನಮ್ಮನ್ನೊಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ.

ಈ ವರ್ಷ ತಂಡ ಪಂದ್ಯಾವಳಿಯಲ್ಲಿ ಆಡುತ್ತಿಲ್ಲ. ಮಗಳು ಅಮ್ಮನೊಡನೆ ಮಾತು ಕಡಿಮೆ ಮಾಡಿದ್ದಾಳೆ. ಭಾನುವಾರದ ಅಭ್ಯಾಸವನ್ನು ಮಾತ್ರ ಒಮ್ಮೆಯೂ ತಪ್ಪಿಸಿಲ್ಲ.